ಹೊಳೆ ಬಂದ ವಾರ: ಭೀಮಾ ದಂಡೆಯ ಒಂದು ಬ್ಯಾಂಕ್ ಶಾಖೆಯ ಪ್ರಕರಣ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ಕಲಬುರಗಿ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯವರು ಏನು ಮಾಡಿದರು, ಎಲ್ಲಿ ಎಡವಿದರು ಅನ್ನೋದನ್ನ ಇಲ್ಲಿ ಬರೆದಿದ್ದೇನೆ. ನಾನು ಆಗ ಆ ಶಾಖೆಯಲ್ಲಿ ಬೆಳೆ ಸಾಲದ ಕೆಲಸ ನೋಡುತ್ತಿದ್ದೆ. ಬ್ಯಾಂಕು, ಊರು, ಜನ ಯಾರ ಹೆಸರನ್ನೂ ಹಾಕಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಮ್ಮ ನಿರ್ಧಾರಗಳು, ನಮ್ಮ ತಪ್ಪುಗಳು ಮಾತ್ರ ಇದ್ದ ಹಾಗೇ ಇವೆ. ಬ್ಯಾಂಕು, ವಿಮೆ, ಫೈನಾನ್ಸ್, ಬೀಜ-ಗೊಬ್ಬರದ ಕಂಪನಿ ಹೀಗೆ ಯಾವುದೇ ಕಡೆ ಜನರ ಜೊತೆ ನೇರವಾಗಿ ಕೆಲಸ ಮಾಡುವವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನೋದು ನನ್ನ ಆಸೆ.

ಹಿನ್ನೆಲೆ

ಶಾಖೆಯಲ್ಲಿ ನಾವು ಐದು ಜನ. ಮ್ಯಾನೇಜರ್ ಮೇಡಂ, ಒಬ್ಬ ಕ್ಯಾಷಿಯರ್, ಒಬ್ಬ ಗುಮಾಸ್ತ, ಒಬ್ಬ ಅಟೆಂಡರ್, ಜೊತೆಗೆ ನಾನು. ಹಳ್ಳಿಗಳಲ್ಲಿ ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು ದುಡ್ಡು ಕೊಡುವ ಬ್ಯಾಂಕ್ ಮಿತ್ರರು ಮೂವರು. ಶಾಖೆ ಇದ್ದ ಊರು ದಿಬ್ಬದ ಮೇಲಿತ್ತು. ನಮ್ಮ ವ್ಯಾಪ್ತಿಯ ಹಳ್ಳಿಗಳಲ್ಲಿ ನಾಲ್ಕು ಹೊಳೆ ದಂಡೆಗೇ ಅಂಟಿಕೊಂಡಿದ್ದವು.

ಕಲಬುರಗಿಯನ್ನು ತೊಗರಿ ಕಣಜ ಅಂತಾರೆ. ನಮ್ಮ ಗ್ರಾಹಕರಲ್ಲೂ ಮುಕ್ಕಾಲು ಪಾಲು ತೊಗರಿಯವರೇ. ಜೂನ್-ಜುಲೈಯಲ್ಲಿ ಬಿತ್ತಿದ ತೊಗರಿ ಅಕ್ಟೋಬರ್ ಹೊತ್ತಿಗೆ ಆಳೆತ್ತರಕ್ಕೆ ಬಂದು ಹೂವಿಗೆ ನಿಂತಿರುತ್ತದೆ. ರಾಶಿ ಆಗೋದು ಡಿಸೆಂಬರ್-ಜನವರಿಯಲ್ಲಿ. ಅಂದರೆ ಖರ್ಚೆಲ್ಲ ಆಗಿ ಹೋಗಿರುತ್ತದೆ, ಆದಾಯ ಇನ್ನೂ ಬಂದಿರುವುದಿಲ್ಲ. ಇಲ್ಲಿನ ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ. ತೊಗರಿಗೋ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹೊಳೆ ಇಳಿದ ಮೇಲೂ ಗಿಡ ನಿಂತೇ ಇರುತ್ತದೆ, ಆದರೆ ಎಲೆ ಬಾಡುತ್ತದೆ, ನಾಲ್ಕು ದಿನಕ್ಕೆ ಒಣಗುತ್ತದೆ.

ಅದು ಕೊರೋನಾ ವರ್ಷ ಬೇರೆ. ಸಾಲದ ಕಂತಿಗೆ ಕೊಟ್ಟಿದ್ದ ವಿನಾಯಿತಿ ಆಗಸ್ಟ್ 31ಕ್ಕೆ ಮುಗಿದಿತ್ತು. ಸೆಪ್ಟೆಂಬರ್‌ನಿಂದ ಎಲ್ಲರಿಗೂ ಕಂತು ಮತ್ತೆ ಶುರುವಾಗಿತ್ತು. ಇನ್ನೊಂದು ಬದಲಾವಣೆಯೂ ಆ ವರ್ಷವೇ ಆಗಿದ್ದು. ಬೆಳೆ ಸಾಲ ತಗೊಂಡವರಿಗೆ ಅದುವರೆಗೆ ಫಸಲ್ ಬಿಮಾ (ಕೇಂದ್ರ ಸರ್ಕಾರದ ಬೆಳೆ ವಿಮೆ) ಕಡ್ಡಾಯವಿತ್ತು, 2020ರ ಮುಂಗಾರಿನಿಂದ ಅದು ಅವರವರ ಇಷ್ಟಕ್ಕೆ ಬಿಟ್ಟದ್ದಾಯಿತು. ಬೇಡ ಅಂದವರು ಮೊದಲೇ ಬರೆದುಕೊಟ್ಟರೆ ಸಾಕು, ಪ್ರೀಮಿಯಂ ಕಡಿತ ಆಗುತ್ತಿರಲಿಲ್ಲ. ಕೆಲವರು ಹಾಗೆ ಬರೆದುಕೊಟ್ಟಿದ್ದರು.

ಅಕ್ಟೋಬರ್ 13ರ ಬೆಳಿಗ್ಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡ ಹತ್ತಿರ ದಡ ದಾಟಿ ತೆಲಂಗಾಣದ ಮೇಲೆ ಹಾದು ನಮ್ಮ ಕಡೆಗೆ ಬಂತು. ಹೈದರಾಬಾದ್ ಮುಳುಗಿದ್ದೂ ಅದೇ ಮಳೆಗೆ. ಆ ರಾತ್ರಿ, ಮರುದಿನ ಇಲ್ಲಿ ಸುರಿದ ಮಳೆಗೆ ಹಳ್ಳಗಳೆಲ್ಲ ಉಕ್ಕಿ ಹೊಲಕ್ಕೆ, ತಗ್ಗಿನ ಮನೆಗಳಿಗೆ ನುಗ್ಗಿದವು. ಅದು ಮೊದಲನೇ ನೀರು. ಮಳೆ ಮಹಾರಾಷ್ಟ್ರಕ್ಕೂ ಹೋಗಿ ಸುರಿಯಿತು. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಯಿಂದ, ನೀರಾ ನದಿಯ ಕಡೆಯಿಂದ ಬಿಟ್ಟ ನೀರು ಅಫಜಲಪುರದ ಸೊನ್ನ ಬ್ಯಾರೇಜ್ ದಾಟಿ ಕೆಳಗೆ ಬರುವಷ್ಟರಲ್ಲಿ ಇಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಬಿಸಿಲಿನಲ್ಲೇ ಹೊಳೆ ಏರಿತು. ಅದು ಎರಡನೇ ನೀರು. ಊರು ಮುಳುಗಿಸಿದ್ದು ಇದು. ಈ ಎರಡು ನೀರಿನ ಲೆಕ್ಕ ಮುಂದೆ ಮುಖ್ಯವಾಗುತ್ತದೆ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಮೊದಲ ಪ್ರಯತ್ನ

ಅಕ್ಟೋಬರ್ 14ರ ಬುಧವಾರ ಕರೆಂಟಿರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಶಾಖೆ ಬಾಗಿಲು ತೆಗೆದು ಸುಮ್ನೆ ಕೂತಿದ್ದೆವು. ಅಟೆಂಡರ್ ಬರಲಿಲ್ಲ. ಅವನ ಮನೆಯೂ ದಂಡೆಯ ಹಳ್ಳಿಯಲ್ಲೇ.

ಗುರುವಾರ ನಾವು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕೈಯಿಂದ ದುಡ್ಡು ಹಾಕಿ ಬಿಸ್ಕತ್ತು, ಚಾದರ, ನೀರಿನ ಬಾಟಲಿ ಕೊಂಡೆವು. ಒಂದು ಟಂಟಂ ಗಾಡಿ ಮಾಡಿಕೊಂಡು ಕಾಳಜಿ ಕೇಂದ್ರಕ್ಕೆ ಹೋದೆವು. ನೆರೆಗೆ ಸಿಕ್ಕವರಿಗಾಗಿ ಸರ್ಕಾರಿ ಶಾಲೆಯಲ್ಲಿ ಈ ಕೇಂದ್ರ ತೆರೆದಿದ್ದರು. ಹೋಗಿ ನೋಡಿದರೆ ತಾಲ್ಲೂಕು ಆಡಳಿತದವರು ಅನ್ನ ಸಾರು ಮಾಡಿಸುತ್ತಿದ್ದರು. ಮೇಲಿನ ಹಳ್ಳಿಗಳಿಂದ ಕಟಕ ರೊಟ್ಟಿಯ ಗಂಟುಗಳು ಬಂದಿದ್ದವು, ಜೊತೆಗೆ ಶೇಂಗಾ ಹಿಂಡಿ. ಒಂದು ಮಠದವರು ಉಪ್ಪಿಟ್ಟು ತಂದಿದ್ದರು. ನಮ್ಮ ಬಿಸ್ಕತ್ತಿನ ಡಬ್ಬಿಗಳನ್ನು ಇಡಲು ಜಾಗ ಹುಡುಕಬೇಕಾಯಿತು.

ಚಾದರ ಹಂಚುವಾಗ ಒಬ್ಬ ಹಿರಿಯಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. ನಾಲ್ಕು ಎಕರೆ ತೊಗರಿಗೆ ನಮ್ಮಲ್ಲೇ ಸಾಲ ಇದ್ದವರು.

"ತಮ್ಮಾ, ಚಾದರ ಕೊಡಾಕ ಬ್ಯಾರೇ ಮಂದಿ ಅದಾರ. ನೀ ಬ್ಯಾಂಕಿನಾಂವ ಹೌದಿಲ್ಲೋ? ನನ್ನ ತೊಗರಿ ನೀರಾಗ ನಿಂತದ. ವಿಮಾ ಕಟ್ಟೀನಿ ಅಂದಿದ್ದಿ. ಅದು ಏನಾತು ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತಲ್ಲ, ಇತ್ತು. ಸ್ಥಳೀಯ ವಿಕೋಪದಿಂದ ಹೊಲ ಮುಳುಗಿದರೆ 72 ಗಂಟೆಯೊಳಗೆ ತಿಳಿಸಬೇಕು. ಟೋಲ್ ಫ್ರೀ ನಂಬರಿಗೆ ಹೇಳಬಹುದು, ಕೃಷಿ ಇಲಾಖೆಗೆ ಹೇಳಬಹುದು, ಸಾಲ ಕೊಟ್ಟ ಬ್ಯಾಂಕಿಗೂ ಹೇಳಬಹುದು. ಇದು ನನಗೆ ಬಾಯಿಪಾಠ. ಆದರೆ ಆ ಹೊತ್ತಿಗೆ ನಾನು ಚಾದರ ಎಣಿಸುತ್ತಿದ್ದೆ. ಹೊಲಕ್ಕೆ ನೀರು ಬಂದು ಒಂದು ದಿನವೇ ಕಳೆದಿತ್ತು. ಆ ಶಾಲೆಯಲ್ಲಿದ್ದ ಯಾರಿಗೂ ಟೋಲ್ ಫ್ರೀ ನಂಬರಿಗೆ ಫೋನ್ ಹೋಗುತ್ತಿರಲಿಲ್ಲ. ಅರ್ಧ ಜನರ ಫೋನ್ ಸತ್ತಿತ್ತು, ಉಳಿದರ್ಧ ಜನರದು ನೀರಲ್ಲಿ ಹೋಗಿತ್ತು.

ಆ ಸಂಜೆ ಶಾಖೆಗೆ ಬಂದು ಮೇಡಂಗೆ ಈ ಮಾತು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಯಿಂದ ಶಾಖೆನೇ ಅಲ್ಲಿಗೆ ಒಯ್ಯೋಣ" ಅಂದರು. ಈ ಪ್ರಕರಣದ ಮೊದಲ ತಿರುವು ಇದು. ಮೇಲಿನಿಂದ ಅನುಮತಿ ಬಂದಿರಲಿಲ್ಲ. ಕಚೇರಿಗೆ ಫೋನೇ ಹೋಗುತ್ತಿರಲಿಲ್ಲ. ಮೇಡಂ ಒಂದು ಹಾಳೆಯಲ್ಲಿ ದಿನಾಂಕ, ಸಮಯ, ಯಾಕೆ ಹೀಗೆ ಮಾಡುತ್ತಿದ್ದೇವೆ ಅನ್ನೋದನ್ನ ಬರೆದು ಸಹಿ ಹಾಕಿ ಕಡತದಲ್ಲಿಟ್ಟರು. ಮುಂದೆ ಯಾರಾದರೂ ಕೇಳಿದರೆ ಜವಾಬ್ದಾರಿ ನನ್ನದು ಅಂದರು. ಆ ಒಂದು ಹಾಳೆ ನಮ್ಮ ನಾಲ್ವರಿಗೆ ಕೊಟ್ಟ ಧೈರ್ಯ ದೊಡ್ಡದು.

ಶಾಲೆಯ ಕಟ್ಟೆಯ ಮೇಲೆ ಒಂದು ಟೇಬಲ್

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಶಾಲೆಯ ಕಟ್ಟೆಯ ಮೇಲೆ ಟೇಬಲ್ ಹಾಕಿದೆವು. ಎರಡು ಬೆಂಚು, ಒಂದು ರಿಜಿಸ್ಟರ್, ಬಿಳಿ ಹಾಳೆ, ಸ್ಟಾಂಪ್ ಪ್ಯಾಡ್. ಒಂಬತ್ತರ ಹೊತ್ತಿಗೆ ಸಾಲು ಗೇಟಿನ ತನಕ ಬೆಳೆಯಿತು. ಹೆಸರು, ಖಾತೆ, ಬೆಳೆ, ಎಕರೆ, ಸರ್ವೆ ನಂಬರ್ ಕೇಳಿ ಬರೆದುಕೊಂಡೆವು. ಸಂಜೆಗೆ 61 ಜನರ ಅರ್ಜಿ ಆಯಿತು. ಗುಮಾಸ್ತ ಅವನ್ನು ಬೈಕಿನಲ್ಲಿ ನೆಟ್‌ವರ್ಕ್ ಇದ್ದ ಊರಿಗೆ ಒಯ್ದು ಒಂದೊಂದಾಗಿ ವಿಮಾ ಕಂಪನಿಗೆ ಕಳಿಸಿದ.

ರಾತ್ರಿ ಹತ್ತಕ್ಕೆ ಅವನು ಬಂದು ಹೇಳಿದ್ದು ಕೇಳಿ ಕೈಕಾಲು ತಣ್ಣಗಾದವು. 14 ಅರ್ಜಿ ಹೊಂದಾಣಿಕೆ ಆಗಿರಲಿಲ್ಲ. ಕಾರಣ ಹಿಸ್ಸಾ ನಂಬರ್, ಅಂದರೆ ಸರ್ವೆ ನಂಬರಿನೊಳಗಿನ ಪಾಲಿನ ನಂಬರ್. ರೈತರು ಬಾಯಲ್ಲಿ "ನೂರಾ ಹನ್ನೆರಡು" ಅಂತಾರೆ. ಹೊಲದ ದಾಖಲೆಯಾದ ಪಹಣಿಯಲ್ಲಿ ಅದು 112/2 ಇರುತ್ತದೆ, ಅಣ್ಣ ತಮ್ಮಂದಿರು ಪಾಲಾಗಿದ್ದರೆ 112/2ಬ ಇರುತ್ತದೆ. ವಿಮೆ ಆಗಿರುವುದು ಆ ಪೂರ್ತಿ ನಂಬರಿನ ಮೇಲೆ. ಪಹಣಿ ನೋಡೋಣ ಅಂದರೆ ಅವು ಮನೆಯ ಟ್ರಂಕಿನಲ್ಲಿ ನೆನೆದು ಮುದ್ದೆಯಾಗಿದ್ದವು.

ತಪ್ಪು ನನ್ನದು. ಪ್ರತಿಯೊಬ್ಬ ರೈತನ ಪಹಣಿ ನಮ್ಮ ಸಾಲದ ಕಡತದಲ್ಲೇ ಇದೆ. ಹಿಸ್ಸಾ ಸಮೇತ ಇದೆ. ವಿಮೆಯ ಪ್ರೀಮಿಯಂ ಕಡಿತ ಮಾಡಿದ್ದೇ ನಾವು. ಅದನ್ನು ಬಿಟ್ಟು, ಮೂರು ರಾತ್ರಿ ನಿದ್ದೆಗೆಟ್ಟು ಕೂತ ಜನರ ನೆನಪನ್ನು ನಂಬಿದ್ದೆವು.

ಶನಿವಾರ ಕೆಲಸ ಹಂಚಿಕೊಂಡ ರೀತಿಯೇ ಬೇರೆ. ಕ್ಯಾಷಿಯರ್ ಶಾಖೆಯಲ್ಲಿ ಕಡತದ ಕಪಾಟಿನ ಮುಂದೆ ಕೂತರು. ಜನರೇಟರ್ ಹಚ್ಚಿದೆವು. ನಾನು ಕೇಂದ್ರದಲ್ಲಿ. ಆ ಹೊತ್ತಿಗೆ ಶಾಲೆಯ ಮಾಳಿಗೆಯ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ನಮ್ಮ ಬ್ಯಾಂಕ್ ಮಿತ್ರ ಹುಡುಗಿ ಆ ಮೂಲೆಯಲ್ಲಿ ಫೋನ್ ಹಿಡಿದು ನಿಂತು ಹೆಸರು ಕೂಗುತ್ತಿದ್ದಳು, ಆ ಕಡೆಯಿಂದ ಕ್ಯಾಷಿಯರ್ ಸರ್ವೆ ನಂಬರ್ ಓದುತ್ತಿದ್ದರು, ಅವಳು ಕೆಳಗೆ ನನಗೆ ಕೂಗಿ ಹೇಳುತ್ತಿದ್ದಳು. ಅವತ್ತು ನವರಾತ್ರಿಯ ಮೊದಲ ದಿನ. ಅವಳು ಉಪವಾಸ ಇದ್ದಳು. ಸಂಜೆ ಐದಕ್ಕೆ ಕೆಳಗಿಳಿದಾಗ ಗಂಟಲು ಕಟ್ಟಿ ಮಾತೇ ಬರುತ್ತಿರಲಿಲ್ಲ.

ಇಲ್ಲಿ ಎರಡು ನೀರಿನ ಲೆಕ್ಕ ಬಂತು. ಬಹಳ ಜನ "ಹೊಳಿ ಬಂದಿದ್ದು ಶುಕ್ರವಾರ ರಾತ್ರಿ" ಅಂತ ಬರೆಸಲು ಹೊರಟಿದ್ದರು. ಊರು ಮುಳುಗಿದ್ದು ಆಗ, ನಿಜ. ಆದರೆ ಹೊಲ ಮುಳುಗಿದ್ದು ಬುಧವಾರ ಹಳ್ಳದ ನೀರಿಗೆ. 72 ಗಂಟೆ ಎಣಿಸೋದು ಹೊಲಕ್ಕೆ ನಷ್ಟ ಆದ ಹೊತ್ತಿನಿಂದ. ಅಂಥವರಿಗೆ ಶನಿವಾರವೇ ಕೊನೆ. ಹಾಗಾಗಿ ಮನೆ ಮುಳುಗಿದವರನ್ನು ಸ್ವಲ್ಪ ತಡೆಯಲು ಹೇಳಿ, ಹಳ್ಳದ ಪಕ್ಕ ಹೊಲ ಇರುವವರನ್ನು ಮೊದಲು ಕರೆದೆವು. ಕೆಲವರಿಗೆ ಸಿಟ್ಟು ಬಂತು. "ಮನಿ ಹೋದವ್ರು ನಾವು, ಅವ್ರಿಗ್ಯಾಕ ಮೊದಲು?" ಅಂತ ಕೇಳಿದರು. ಟೇಬಲ್ ಮೇಲೆ ನಿಂತು ಲೆಕ್ಕ ಬಿಡಿಸಿ ಹೇಳಿದ ಮೇಲೆ ಜಾಗ ಬಿಟ್ಟುಕೊಟ್ಟರು. ಜನರಿಗೆ ಕಾರಣ ಹೇಳಿದರೆ ಅರ್ಥ ಆಗುತ್ತದೆ. ಹೇಳದೆ ಸಾಲು ಬದಲಿಸಿದ್ದರೆ ಜಗಳವೇ ಆಗುತ್ತಿತ್ತು.

ಹಿಂದಿನ ದಿನದ 14ರಲ್ಲಿ 12 ಸರಿಯಾದವು. ಹೊಸದಾಗಿ 70ಕ್ಕೂ ಜಾಸ್ತಿ ಅರ್ಜಿ ಹೋದವು. ಉಳಿದ ಇಬ್ಬರು ಬೇರೆ ಊರಿನ ನೆಂಟರ ಮನೆಗೆ ಹೋಗಿದ್ದರು, ಅವತ್ತು ಸಿಗಲಿಲ್ಲ.

ಹೆಬ್ಬೆಟ್ಟು

ದುಡ್ಡಿನ ಕಥೆ ಬೇರೆಯೇ. ಕೇಂದ್ರದಲ್ಲಿ ಊಟ ಇದೆ, ದುಡ್ಡು ಯಾಕೆ ಬೇಕು ಅಂತ ಹೊರಗಿನವರಿಗೆ ಅನಿಸಬಹುದು. ದನಕ್ಕೆ ಕಣಕಿ ಕೊಳ್ಳಬೇಕು. ಕೂಸಿಗೆ ಹಾಲಿನ ಪುಡಿ ಬೇಕು. ಬಿಪಿ ಮಾತ್ರೆ ನೀರಲ್ಲಿ ಹೋಗಿದೆ. ಹೆಣ್ಣುಮಕ್ಕಳು ಗಟ್ಟಿಯಾಗಿ ಕೇಳದ ಸಾಮಾನುಗಳೂ ಇರುತ್ತವೆ.

ಖಾತೆಯಲ್ಲಿ ದುಡ್ಡಿದೆ, ಬ್ಯಾಂಕ್ ಮಿತ್ರಳ ಯಂತ್ರವೂ ಇದೆ. ಆದರೆ ಹೆಬ್ಬೆಟ್ಟು ಹತ್ತುತ್ತಿರಲಿಲ್ಲ. ಮೂರು ದಿನ ನೀರಲ್ಲಿ ಒದ್ದಾಡಿದ ಕೈಗಳು. ಬೆರಳಿನ ತುದಿ ಬಿಳಿಚಿಕೊಂಡು ಸುಕ್ಕುಗಟ್ಟಿತ್ತು. ಮೊದಲೇ ಕಳೆ ಕಿತ್ತು ಸವೆದ ಬೆರಳುಗಳು ಅವು. ಅದೇ ಹಿರಿಯಮ್ಮ ಐದು ಸಲ ಒತ್ತಿದರು, ಐದು ಸಲವೂ ಕೆಂಪು ದೀಪ. "ನನ್ನ ಬಳ್ಳೂ ಹೊಳೀಗೆ ಹೋತೇನವ್ವಾ" ಅಂದರು.

ಬ್ಯಾಂಕ್ ಮಿತ್ರ ಹುಡುಗಿ ಅವರನ್ನು ಎಬ್ಬಿಸಿ ಅಡುಗೆ ಮಾಡುತ್ತಿದ್ದ ಕಡೆ ಕರೆದುಕೊಂಡು ಹೋದಳು. "ಆಯಿ, ಇಲ್ಲಿ ಕುಂದ್ರು" ಅಂತ ಒಲೆಯ ಮುಂದೆ ಕೂರಿಸಿ, ತನ್ನ ಒಣಗಿದ ದುಪಟ್ಟಾದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು. ಹತ್ತು ನಿಮಿಷ ಒಲೆಯ ಕಾವಿಗೆ ಕೈ ಹಿಡಿಸಿದಳು. ಬೆರಳು ಕೆಂಪಗಾದ ಮೇಲೆ ಯಂತ್ರವನ್ನೇ ಅಲ್ಲಿಗೆ ತರಿಸಿ ಬಲಗೈ ಬಿಟ್ಟು ಎಡಗೈಯ ಉಂಗುರದ ಬೆರಳು ಒತ್ತಿಸಿದಳು. ಹಸಿರು ದೀಪ ಬಂತು. ಸುತ್ತ ನಿಂತವರೆಲ್ಲ ಒಂದು ಸಲ "ಹಾಂ!" ಅಂದರು. ಆಮೇಲೆ ಒಲೆಯ ಮುಂದೆಯೇ ಒಂದು ಸಾಲು ಶುರುವಾಯಿತು.

ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಕಡಿಮೆ ಬಳಸುವ ಕೈಯ ಬೆರಳಿನ ಗೆರೆ ಕಡಿಮೆ ಸವೆದಿರುತ್ತದೆ ಅನ್ನೋದು ಅವಳಿಗೆ ದಿನದ ಕೆಲಸದಿಂದ ಗೊತ್ತಿತ್ತು.

ನೋಟಿನ ವಿಷಯ ಹೊಳೆದದ್ದು ಕ್ಯಾಷಿಯರ್‌ಗೆ. 2,000ದ ನೋಟು ಕೊಟ್ಟರೆ ಚಿಲ್ಲರೆ ಕೊಡುವ ಅಂಗಡಿ ಅಲ್ಲಿಲ್ಲ. ಅವರು ತಿಜೋರಿಯಿಂದ 50, 100ರ ಕಟ್ಟುಗಳನ್ನೇ ಆರಿಸಿ ಕಳಿಸಿದರು.

ಪಾಸ್‌ಬುಕ್, ಪಹಣಿ, ಆಧಾರ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ನೆನೆದಿದ್ದವು. ತರಗತಿಯ ಒಂದು ಕೋಣೆಯಲ್ಲಿ ಹಳೇ ಪೇಪರ್ ಹಾಸಿ ಪುಟಗಳ ನಡುವೆ ಪೇಪರ್ ಇಟ್ಟು ಒಣಗಿಸಿದೆವು. ಬಿಸಿಲಿಗೆ ಹಾಕಿದರೆ ಪುಟ ಅಂಟಿಕೊಂಡು ಹರಿಯುತ್ತದೆ, ನೆರಳಲ್ಲೇ ಒಣಗಬೇಕು. ಶಾಲೆಯ ಮಕ್ಕಳೇ ಕಾವಲು ನಿಂತರು.

ವಸೂಲಿಗೆ ಬಂದ ಹುಡುಗ

ಸೋಮವಾರ ಮಧ್ಯಾಹ್ನ ಇನ್ನೊಂದು ಕಂಪನಿಯ ಹುಡುಗ ಬೈಕಿನಲ್ಲಿ ಕೇಂದ್ರಕ್ಕೆ ಬಂದ. ಮಹಿಳಾ ಗುಂಪುಗಳಿಗೆ ಸಾಲ ಕೊಡುವ ಕಂಪನಿ. ವಾರದ ಕಂತಿನ ದಿನ ಅವತ್ತು. ಹೆಣ್ಣುಮಕ್ಕಳು ಅವನನ್ನು ನೋಡಿ ಕೋಣೆಯೊಳಗೆ ಹೋದರು. ಕೆಲವು ಗಂಡಸರು ಅವನನ್ನು ಹೊಡೆಯಲು ಎದ್ದರು.

ಮೇಡಂ ಮಧ್ಯೆ ಹೋಗಿ ನಿಂತರು. ಹುಡುಗನನ್ನು ಪಕ್ಕಕ್ಕೆ ಕೂರಿಸಿ ನೀರು ಕೊಟ್ಟರು. ಇಪ್ಪತ್ತೆರಡು-ಇಪ್ಪತ್ಮೂರು ವಯಸ್ಸು. "ಮೇಡಂ, ಬರಲಿಲ್ಲಂದ್ರ ನನ್ನ ಹಾಜರಿ ಹೋಗ್ತದ್ರಿ. ಫೋಟೋ ತೆಗೆದು ಹಾಕಬೇಕು, ಇಲ್ಲಾಂದ್ರ ಸಾಹೇಬ್ರು ಸುಳ್ಳಂತಾರ" ಅಂದ. ಅವನೂ ಕೆಲಸಕ್ಕಿರುವ ಹುಡುಗನೇ ಅಲ್ವಾ? ಅವನ ಮನೆಯಲ್ಲೂ ಸಂಬಳ ಕಾಯುವವರಿರುತ್ತಾರೆ.

ಮೇಡಂ ನಮ್ಮ ಶಾಖೆಯ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆದರು. ಈ ಊರಿನ ಇಂತಿಷ್ಟು ಕುಟುಂಬ ಕಾಳಜಿ ಕೇಂದ್ರದಲ್ಲಿವೆ, ಊರಿನಲ್ಲಿ ನೀರಿದೆ, ಈಗ ಯಾರ ಕೈಯಲ್ಲೂ ದುಡಿಮೆ ಇಲ್ಲ. ಕೆಳಗೆ ಸಹಿ, ಸೀಲು. ಕೇಂದ್ರದ ಉಸ್ತುವಾರಿ ಅಧಿಕಾರಿಯ ಸಹಿಯನ್ನೂ ಹಾಕಿಸಿದರು. ಹುಡುಗ ಅದರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ. ಆ ವಾರ, ಅದರ ಮುಂದಿನ ವಾರ ಯಾರೂ ಕಂತಿಗೆ ಬರಲಿಲ್ಲ. ಬೇರೆ ಕಂಪನಿಗೆ ಕಂತು ನಿಲ್ಲಿಸಿ ಅನ್ನುವ ಅಧಿಕಾರ ನಮಗಿಲ್ಲ. ಆದರೆ ಕೆಳಗಿನ ನೌಕರ ತನ್ನ ಮೇಲಿನವರಿಗೆ ತೋರಿಸಲು ಒಂದು ಕಾಗದ ಕೊಡುವುದು ಸಾಧ್ಯ ಇತ್ತು.

ನಮ್ಮ ಮನೆಯೂ ಸರಿ ಇರಲಿಲ್ಲ. ಅದೇ ದಿನ ನೆಟ್‌ವರ್ಕ್ ಬಂದ ಕೂಡಲೇ ನೂರಾರು ಜನರ ಫೋನಿಗೆ ಒಟ್ಟಿಗೆ ಮೆಸೇಜ್ ಬಂತು. ನಿಮ್ಮ ಕಂತು ಬಾಕಿ ಇದೆ, ಕೂಡಲೇ ಕಟ್ಟಿ ಅಂತ. ಕಳಿಸಿದ್ದು ನಮ್ಮದೇ ಬ್ಯಾಂಕಿನ ಕಂಪ್ಯೂಟರ್. ಬೆಳಿಗ್ಗೆ ನಮ್ಮ ಟೇಬಲ್ ಮುಂದೆ ಕೂತು ಚಹಾ ಕುಡಿದ ರೈತನೊಬ್ಬ ಸಂಜೆ ಆ ಮೆಸೇಜ್ ತೋರಿಸಿ, "ಇದೇನ್ರಿ ಸಾಹೇಬ್ರ, ಹಗಲ ಒಂದು ಮಾತು, ರಾತ್ರಿ ಒಂದು ಮಾತು?" ಅಂದ. ನಾಲ್ಕು ದಿನ ಕಟ್ಟಿದ ನಂಬಿಕೆ ಒಂದು ಮೆಸೇಜಿಗೆ ಅಲುಗಾಡಿತು. ಮೇಡಂ ಪ್ರಾದೇಶಿಕ ಕಚೇರಿಗೆ ಪಿನ್‌ಕೋಡ್ ಪಟ್ಟಿ ಕಳಿಸಿ ಈ ಊರುಗಳಿಗೆ ಮೆಸೇಜ್ ನಿಲ್ಲಿಸಿ ಅಂತ ಬರೆದರು. ನಿಲ್ಲಲು ಒಂಬತ್ತು ದಿನ ಹಿಡಿಯಿತು. ಅದನ್ನು ಬುಧವಾರವೇ ಯೋಚಿಸಬೇಕಿತ್ತು.

ನೀರು ಇಳಿದ ಮೇಲೆ

ವಿಮೆಯ ದುಡ್ಡು ತಕ್ಷಣ ಬರಲಿಲ್ಲ. ತಿಂಗಳುಗಳೇ ಹಿಡಿದವು. ಕೆಲವರಿಗೆ ನಷ್ಟಕ್ಕೆ ತಕ್ಕಷ್ಟು ಬಂತು, ಕೆಲವರಿಗೆ ಕಡಿಮೆ ಬಂತು, ಸಮೀಕ್ಷೆಗೆ ಬಂದವರು ಹೊಲ ಗುರುತಿಸುವಾಗ ತಪ್ಪಾಗಿ ಕೆಲವರದು ಜಗಳಕ್ಕೆ ಹೋಯಿತು. ಹಿರಿಯಮ್ಮನಿಗೆ ಬಂತು. ವಿಮೆ ಬೇಡ ಅಂತ ಬರೆದುಕೊಟ್ಟಿದ್ದವರಿಗೆ ಏನೂ ಇಲ್ಲ. ಅವರಲ್ಲಿ ಒಬ್ಬರ ಅರ್ಜಿಯನ್ನು ಜುಲೈಯಲ್ಲಿ ತಗೊಂಡವನು ನಾನೇ. ಮುಂಗಾರಿಗೆ ರೈತ ಕಟ್ಟೋದು ವಿಮಾ ಮೊತ್ತದ 2% ಮಾತ್ರ ಅಂತ ಅವತ್ತು ಐದು ನಿಮಿಷ ಕೂತು ಹೇಳಿದ್ದರೆ ಅವರು ಬೇಡ ಅನ್ನುತ್ತಿರಲಿಲ್ಲವೇನೋ. ಅವತ್ತು ಸಾಲು ಉದ್ದ ಇತ್ತು, ಸಹಿ ಹಾಕಿಸಿ ಕಳಿಸಿಬಿಟ್ಟೆ.

ತಕ್ಷಣಕ್ಕೆ ನಿಜವಾಗಿ ಕೈ ಹಿಡಿದದ್ದು ಸಾಲದ ಮರುಹೊಂದಾಣಿಕೆ ಮತ್ತು ಹಿಂಗಾರಿನ ಹೊಸ ಸಾಲ. ರಿಸರ್ವ್ ಬ್ಯಾಂಕಿನ ಆಗಿನ ನಿಯಮದ ಪ್ರಕಾರ ಘೋಷಿತ ವಿಕೋಪದಲ್ಲಿ ಬೆಳೆ ನಷ್ಟ 33% ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೆಳೆ ಸಾಲವನ್ನು ದೀರ್ಘ ಅವಧಿಗೆ ಬದಲಿಸಬಹುದಿತ್ತು. ನಷ್ಟ 50%ರೊಳಗಿದ್ದರೆ 2 ವರ್ಷದ ತನಕ, ಅದಕ್ಕೂ ಹೆಚ್ಚಿದ್ದರೆ 5 ವರ್ಷದ ತನಕ, ಎರಡರಲ್ಲೂ ಮೊದಲ ಒಂದು ವರ್ಷ ಕಂತಿರಲಿಲ್ಲ. ಇದನ್ನು ಜನ ಸಾಲ ಮನ್ನಾ ಅಂತ ತಿಳಿಯುತ್ತಾರೆ. ಮನ್ನಾ ಅಲ್ಲ. ಬಡ್ಡಿ ಇರುತ್ತಿತ್ತು, ಎರಡನೇ ವರ್ಷದಿಂದ ಮಾಮೂಲಿ ದರವೇ ಬೀಳುತ್ತಿತ್ತು. ಇದನ್ನು ಮುಚ್ಚಿಟ್ಟು ಸಹಿ ಹಾಕಿಸಬಾರದು ಅಂತ ಮೇಡಂ ಹಠ ಹಿಡಿದರು. ಪ್ರತಿ ಊರಿನ ಗುಡಿಯ ಕಟ್ಟೆಯ ಮೇಲೆ ಕೂತು ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಿದೆವು. ನೆಂಟರಿಂದ ದುಡ್ಡು ತಂದು ಹಳೇ ಸಾಲ ತೀರಿಸುವ ಶಕ್ತಿ ಇದ್ದ ಮೂರ್ನಾಲ್ಕು ಜನ ಮರುಹೊಂದಾಣಿಕೆ ಬೇಡ ಅಂದರು. ಅವರ ಲೆಕ್ಕಕ್ಕೆ ಅದೇ ಸರಿ.

ಎರೆ ಹೊಲದಲ್ಲಿ ಹಸಿ ಆರುವ ಮೊದಲು ಕಡಲೆ ಬಿತ್ತಬೇಕು. ನವೆಂಬರ್ ನಡುವೆ ದಾಟಿದರೆ ಕಡಲೆ ಕೈಗೆ ಹತ್ತುವುದು ಕಷ್ಟ. ಅದಕ್ಕೇ ಕಾಗದಪತ್ರ ಒಣಗಿಸುವಾಗಲೇ ಹಿಂಗಾರಿನ ಸಾಲದ ಅರ್ಜಿ ತುಂಬಿಸಿದ್ದೆವು. ದೀಪಾವಳಿಗೆ ಮೊದಲೇ ಬೀಜದ ದುಡ್ಡು ಕೈಗೆ ಹೋಯಿತು. ನನ್ನ ಮಟ್ಟಿಗೆ ಆ ಮೂರು ತಿಂಗಳಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಇದೇ. ಫೋಟೋ ತೆಗೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಸರ್ಕಾರದ ಬೆಳೆ ಪರಿಹಾರ ನೇರವಾಗಿ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಕೆಲವರು "ನಮಗ ಬಂದಿಲ್ಲ" ಅಂತ ಶಾಖೆಗೆ ಬಂದರು. ಹುಡುಕಿದಾಗ ತಿಳಿದದ್ದು: ಆಧಾರ್ ಅನ್ನು ಕೊನೆಯ ಸಲ ಯಾವ ಬ್ಯಾಂಕಿಗೆ ಜೋಡಿಸಿರುತ್ತಾರೋ ದುಡ್ಡು ಅಲ್ಲಿಗೆ ಹೋಗುತ್ತದೆ. ಒಂಬತ್ತು ಜನರ ದುಡ್ಡು ಸಿಮ್ ಕೊಳ್ಳುವಾಗ ತೆರೆದು ಮರೆತುಬಿಟ್ಟಿದ್ದ ಖಾತೆಗಳಲ್ಲಿ ಬಿದ್ದಿತ್ತು. ಅದನ್ನು ತೆಗೆಸಿಕೊಡುವುದು ನಮ್ಮ ಬ್ಯಾಂಕಿಗೆ ಸಂಬಂಧಪಡದ ಕೆಲಸ. ಆದರೂ ಗುಮಾಸ್ತ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾಡಿಸಿದ.

ಇದರಿಂದ ನಾವು ಕಲಿತದ್ದು

ಮೊದಲನೆಯದು ಚಾದರದ ವಿಷಯ. ಚಾದರ, ಊಟ ಬೇಡ ಅಂತ ನಾನು ಹೇಳುತ್ತಿಲ್ಲ. ಯಾರೂ ತಲುಪದ ಕಡೆ ಅದೇ ಮೊದಲು ಬೇಕು. ಆದರೆ ರೊಟ್ಟಿ ತರುವವರು ಸಾವಿರ ಜನ ಇದ್ದಾಗ ಬ್ಯಾಂಕಿನವನು ತನ್ನ ಕಡತ ತರಬೇಕು. ಆ ಶಾಲೆಯಲ್ಲಿ ಸರ್ವೆ ನಂಬರ್ ಹೇಳಬಲ್ಲವರು ನಾವು ಮಾತ್ರ ಇದ್ದೆವು. ಕರೆಂಟಿನವರು, ಗ್ಯಾಸಿನವರು, ಫೋನಿನವರು ಯಾರೇ ಆಗಲಿ ತಮ್ಮ ಕೈಯಿಂದ ಮಾತ್ರ ಆಗುವ ಕೆಲಸ ಯಾವುದು ಅಂತ ಮಳೆಗಾಲಕ್ಕೆ ಮೊದಲೇ ಕೇಳಿಕೊಂಡಿರುವುದು ಒಳ್ಳೆಯದು.

ಶಾಖೆಯ ಮಟ್ಟದಲ್ಲಿ ನಿರ್ಧಾರ ತಗೊಳ್ಳುವವರು ಇರಬೇಕು, ಅವರ ಬೆನ್ನಿಗೆ ಕಾಗದ ಇರಬೇಕು. ಮೇಡಂ ಆ ಹಾಳೆ ಬರೆದಿದ್ದು ಆಮೇಲೆ ಅವರನ್ನು ಕಾಪಾಡಿತು. ಶಾಖೆಯ ಹೊರಗೆ ನಗದು ಒಯ್ದ ಬಗ್ಗೆ ವಿವರಣೆ ಕೇಳಿ ಪತ್ರ ಬಂದಿತ್ತು. ದಿನಾಂಕ, ಸಮಯ, ಮೊತ್ತ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಲ್ಲ ಬರೆದಿಟ್ಟಿದ್ದರಿಂದ ಅದು ಅಲ್ಲಿಗೇ ಮುಗಿಯಿತು. ತುರ್ತಿನಲ್ಲಿ ನಿಯಮ ಸಡಿಲವಾದರೂ ಲೆಕ್ಕ ಸಡಿಲ ಆಗಬಾರದು.

ನಮ್ಮ ಅಟೆಂಡರ್ ವಿಷಯದಲ್ಲಿ ನಾವು ಸೋತೆವು. ಅವನ ಮನೆ ಗೋಡೆ ಬಿದ್ದಿತ್ತು. ನಾವು ನಾಲ್ಕು ದಿನ ಊರಿನವರಿಗೆಲ್ಲ ಅರ್ಜಿ ಬರೆದೆವು, ಅವನು ಎಲ್ಲಿದ್ದಾನೆ ಅಂತ ಐದನೇ ದಿನ ಕೇಳಿದೆವು. ಅವನು ಅದೇ ಶಾಲೆಯ ಹಿಂದಿನ ಕೋಣೆಯಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದ. ನಾವು ಕೆಲಸದಲ್ಲಿದ್ದೇವೆ ಅಂತ ಎದುರಿಗೆ ಬಂದಿರಲಿಲ್ಲ. ಈಗ ಆ ಶಾಖೆಯಲ್ಲಿ ಮಳೆ ಜೋರಾದ ದಿನ ಮೊದಲ ಫೋನ್ ಸಿಬ್ಬಂದಿಯ ಮನೆಗೆ ಹೋಗುತ್ತದೆ.

ಇನ್ನು ಬಗೆಹರಿಯದ ಒಂದು ವಿಷಯ. ಅವತ್ತು ಟೇಬಲ್ ಮುಂದೆ ಬಂದವರಲ್ಲಿ ಹನ್ನೊಂದು ಜನ ಬೇರೆಯವರ ಹೊಲ ಮಾಡುವವರು. ಬೀಜ, ಗೊಬ್ಬರ, ಕೂಲಿ ಎಲ್ಲ ಅವರದೇ. ಪಹಣಿ ಮಾತ್ರ ಮಾಲೀಕರ ಹೆಸರಲ್ಲಿ. ಸಾಲ, ವಿಮೆ, ಪರಿಹಾರ ಎಲ್ಲ ಪಹಣಿಯ ಹೆಸರಿಗೆ ಹೋಗುತ್ತದೆ. ಫಸಲ್ ಬಿಮಾದಲ್ಲಿ ಗೇಣಿದಾರರಿಗೂ ಅವಕಾಶ ಇದೆ, ಆದರೆ ಒಪ್ಪಂದದ ಕಾಗದ ಬೇಕು. ಕರ್ನಾಟಕದಲ್ಲಿ ಭೂಸುಧಾರಣೆಯ ಕಾನೂನು ಬಂದಾಗಿನಿಂದ ಗೇಣಿಗೆ ಬಹುಮಟ್ಟಿಗೆ ತಡೆ ಇದೆ. ಬರೆದುಕೊಟ್ಟರೆ ಹೊಲವೇ ಕೈತಪ್ಪೀತು ಅಂತ ಮಾಲೀಕರು ಹೆದರುತ್ತಾರೆ. ಮುಂದಿನ ವರ್ಷ ಬಿತ್ತನೆಗೆ ಮೊದಲು ಮೇಡಂ ಆ ಹನ್ನೊಂದು ಜನರ ಮಾಲೀಕರನ್ನೂ ಕರೆದು ಮಾತಾಡಿದರು. ಒಂದು ಇಡೀ ದಿನ ಮಾತಾಡಿದರು. ಇಬ್ಬರು ಮಾತ್ರ ವಿಮೆಯ ಮಟ್ಟಿಗೆ ಒಪ್ಪಿಗೆ ಪತ್ರ ಬರೆದುಕೊಟ್ಟರು.

ಉಳಿದ ಒಂಬತ್ತು ಜನ ಆ ಮುಂಗಾರಿಗೂ ಬಾಯಿಮಾತಿನ ಮೇಲೆಯೇ ತೊಗರಿ ಬಿತ್ತಿದರು. ಅದೇ ಹೊಲಗಳಲ್ಲಿ, ಹೊಳೆ ದಂಡೆಗೆ.